ಮೊದಲ ದಿನದ ಉತ್ತರ: ವ್ಯಸನ ಚಿಕಿತ್ಸೆಗೆ ಬಂದವರ ಮಾತನ್ನು ಎಷ್ಟು ನೆಚ್ಚಬಹುದು?

(ಆಪ್ತಸಮಾಲೋಚಕರು, ದಾದಿಯರು ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ವ್ಯಸನದ ಬಗ್ಗೆ ಎಲ್ಲಿ ಮಾತನಾಡಿದರೂ ಸಭೆಯಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ‘ಕುಡಿಯುವವರು, ಮಾದಕ ವಸ್ತು ತೆಗೆದುಕೊಳ್ಳುವವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ಬರೆದುಕೊಂಡು ಲೆಕ್ಕ ಹಾಕುತ್ತೀರಲ್ಲ, ಅವರು ನಿಜ ಹೇಳುತ್ತಾರೆ ಎಂಬುದಕ್ಕೆ ಏನು ಖಾತರಿ?’ ಇವತ್ತು ಆ ಪ್ರಶ್ನೆಯನ್ನೇ ಉಪನ್ಯಾಸದ ವಿಷಯವಾಗಿ ಎತ್ತಿಕೊಂಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕಿತ್ಸೆಗೆ ಬಂದವರ ಮಾತು ಎಷ್ಟು ನಂಬಲರ್ಹ ಎಂಬುದು ಬಹುಮಟ್ಟಿಗೆ ಕೇಳುವವರ ಕೈಯಲ್ಲಿದೆ. ಯಾವ ಹೊತ್ತಿನಲ್ಲಿ ಕೇಳಿದೆವು, ಯಾವ ಮಾತುಗಳಲ್ಲಿ ಕೇಳಿದೆವು, ಉತ್ತರ ಮುಂದೆ ಯಾರ ಮೇಜಿಗೆ ಹೋಗುತ್ತದೆ ಎಂಬುದರ ಮೇಲೆ ಅದು ನಿಂತಿದೆ. ‘ವ್ಯಸನಿಗಳು ಸುಳ್ಳು ಹೇಳುತ್ತಾರೆ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಹಾಗೆ ಬರೆದವರು ತಮ್ಮ ಕೆಲಸದ ಅರ್ಧ ಭಾಗವನ್ನು ಬಿಟ್ಟುಕೊಟ್ಟಂತೆಯೇ.

ದಾಖಲಾಗುವ ದಿನ ಏನು ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಿ. ಹೆರಾಯಿನ್ ಬಿಡಬೇಕೆಂದು ಒಬ್ಬ ಬಂದಿದ್ದಾನೆ. ಎರಡು ರಾತ್ರಿ ನಿದ್ದೆಯಿಲ್ಲ. ಮೂಗು ಸೋರುತ್ತಿದೆ, ಮೈಕೈ ನೋಯುತ್ತಿದೆ, ಹೊಟ್ಟೆ ತೊಳಸುತ್ತಿದೆ, ಕುಳಿತಲ್ಲಿ ಕೂರಲಾಗದ ಚಡಪಡಿಕೆ. ಪಕ್ಕದಲ್ಲಿ ಹೆಂಡತಿಯೋ ಅಣ್ಣನೋ ಕುಳಿತಿದ್ದಾರೆ. ಎದುರಿಗಿರುವವರ ಕೈಯಲ್ಲಿ ಹಲವು ಪುಟಗಳ ಪ್ರಶ್ನಾವಳಿ. ಕಳೆದ 30 ದಿನಗಳಲ್ಲಿ ಎಷ್ಟು ದಿನ ತೆಗೆದುಕೊಂಡಿರಿ? ಕಳೆದ ಆರು ತಿಂಗಳಲ್ಲಿ ಬೇರೆಯವರು ಬಳಸಿದ ಸೂಜಿಯನ್ನು ಬಳಸಿದ್ದೀರಾ? ಎಷ್ಟು ಮಂದಿಯೊಂದಿಗೆ ಲೈಂಗಿಕ ಸಂಪರ್ಕವಿತ್ತು? ಕಾಂಡೋಮ್ ಬಳಸಿದಿರಾ? ಹಣಕ್ಕಾಗಿ ಅಥವಾ ಮಾದಕ ವಸ್ತುವಿಗಾಗಿ ಸಂಪರ್ಕ ಮಾಡಿದ್ದುಂಟೇ? ಅವನು ಬೇಗ ಬೇಗ ‘ಇಲ್ಲ, ಇಲ್ಲ, ಇಲ್ಲ’ ಎನ್ನುತ್ತಾನೆ. ಅವನಿಗೆ ಬೇಕಿರುವುದು ಔಷಧಿ ಮತ್ತು ಮಲಗಲು ಒಂದು ಹಾಸಿಗೆ. ಆ ಮೂರು ‘ಇಲ್ಲ’ಗಳು ಕಡತಕ್ಕೆ ಸೇರಿ ಅವನ ಸತ್ಯವಾಗಿ ಉಳಿದುಬಿಡುತ್ತವೆ.

ಆ ಉತ್ತರಗಳ ಮೇಲೆ ಮುಂದಿನ ಎಷ್ಟೋ ತೀರ್ಮಾನಗಳು ನಿಂತಿರುತ್ತವೆ. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ (ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕು) ಪರೀಕ್ಷೆ ಯಾರಿಗೆ, ಎಷ್ಟು ತಿಂಗಳ ನಂತರ ಮರುಪರೀಕ್ಷೆ, ಹೆಪಟೈಟಿಸ್ ಬಿ ಲಸಿಕೆ ಯಾರಿಗೆ, ಹೆರಾಯಿನಿನಂಥದ್ದು ಅತಿಯಾಗಿ ಉಸಿರು ನಿಲ್ಲುವಾಗ ಜೀವ ಉಳಿಸುವ ನಲಾಕ್ಸೋನ್ ಮನೆಗೆ ಹೋಗುವಾಗ ಯಾರ ಕೈಯಲ್ಲಿರಬೇಕು, ಇವನ್ನೆಲ್ಲ ಆ ಹಾಳೆ ನೋಡಿಯೇ ನಿರ್ಧರಿಸುತ್ತೇವೆ. ಹೆರಾಯಿನಿಗೆ ಬದಲಾಗಿ ಕೊಡುವ ಮೆಥಡೋನ್ ಶುರು ಮಾಡುವಾಗಲಂತೂ ರೋಗಿ ಹೇಳಿದ ಪ್ರಮಾಣದ ಮೇಲೆ ಜೀವವೇ ನಿಂತಿರುತ್ತದೆ. ಮೆಥಡೋನ್ ದೇಹದಿಂದ ನಿಧಾನವಾಗಿ ಹೊರಹೋಗುವ ಔಷಧಿ. ಮೊದಲ ದಿನಗಳಲ್ಲಿ ಪ್ರತಿ ಡೋಸಿನ ಉಳಿಕೆ ಮುಂದಿನ ಡೋಸಿನ ಮೇಲೆ ಸೇರುತ್ತ ಹೋಗುತ್ತದೆ. ಹೆಚ್ಚು ಡೋಸ್ ಸಿಗಲಿ ಎಂದು ಬಳಕೆಯನ್ನು ಹಿಗ್ಗಿಸಿ ಹೇಳಿದವನಿಗೆ ಉಸಿರಾಟವೇ ನಿಲ್ಲಬಹುದು. ಉತ್ತರ ನಿಜದಿಂದ ಕೆಳಕ್ಕೆ ಮಾತ್ರ ಜಾರುತ್ತದೆ ಎಂದುಕೊಳ್ಳಬಾರದು, ಮೇಲಕ್ಕೂ ಜಾರುತ್ತದೆ ಎಂಬುದಕ್ಕೆ ಈ ಉದಾಹರಣೆ ಹೇಳಿದೆ. ಹಾಸಿಗೆಗಳು ಕಡಿಮೆಯಿರುವ ಕಡೆ, ‘ನಿನ್ನ ಸ್ಥಿತಿ ಅಷ್ಟೇನೂ ಕೆಟ್ಟಿಲ್ಲ’ ಎಂದು ವಾಪಸು ಕಳುಹಿಸಿಬಿಟ್ಟಾರು ಎಂಬ ಭಯವಿರುವ ಕಡೆ, ಜನ ಹೆಚ್ಚಿಸಿಯೇ ಹೇಳುತ್ತಾರೆ. ಮಗುವನ್ನು ಕಿತ್ತುಕೊಂಡಾರು, ಕೆಲಸ ಹೋದೀತು, ಪೊಲೀಸರಿಗೆ ತಿಳಿದೀತು ಎಂಬ ಭಯವಿರುವ ಕಡೆ ಕಡಿಮೆ ಹೇಳುತ್ತಾರೆ. ಎರಡರಲ್ಲೂ ಅವರ ಲೆಕ್ಕ ನಮಗೂ ಅರ್ಥವಾಗುವಂಥದ್ದೇ. ಆ ಜಾಗದಲ್ಲಿ ನಾವಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆವೇ?

ಇನ್ನು ಸಂಶೋಧನೆ ಏನು ಹೇಳುತ್ತದೆ ಎಂಬುದಕ್ಕೆ ಬರುತ್ತೇನೆ. ಸಾಮಾನ್ಯ ಅನುಮಾನಕ್ಕಿಂತ ಅದು ಹೆಚ್ಚು ಆಶಾದಾಯಕವಾಗಿದೆ. ವಿಯೆಟ್ನಾಂ ಯುದ್ಧದಿಂದ 1971ರ ಸೆಪ್ಟೆಂಬರ್‌ನಲ್ಲಿ ಅಮೆರಿಕಕ್ಕೆ ಮರಳಿದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಊರಿಗೆ ಬಂದ ಮೇಲೆ ಹುಡುಕಿ ಮಾತನಾಡಿಸಿದರು. ಅವರ ಬಳಿ ಸೇನೆಯ ದಾಖಲೆಗಳಿದ್ದವು, ಮೂತ್ರ ಪರೀಕ್ಷೆಯ ಫಲಿತಾಂಶಗಳಿದ್ದವು. ಮಾದಕ ವಸ್ತು ಬಳಸಿದ್ದರೆಂದು ದಾಖಲೆಯಲ್ಲಿದ್ದವರಲ್ಲಿ ಬಹುಪಾಲು ಮಂದಿ ಅದನ್ನು ಮುಚ್ಚಿಡದೆ ಒಪ್ಪಿಕೊಂಡರು. ಆಸ್ಟ್ರೇಲಿಯಾದ ಶೇನ್ ಡಾರ್ಕ್, ಚುಚ್ಚಿಕೊಂಡು ಮಾದಕ ವಸ್ತು ತೆಗೆದುಕೊಳ್ಳುವವರ ಸ್ವಂತ ಹೇಳಿಕೆಗಳ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನು 1998ರಲ್ಲಿ ಒಟ್ಟುಗೂಡಿಸಿ ನೋಡಿದರು. ಬಳಕೆ, ಅಪಾಯದ ನಡವಳಿಕೆ, ಅಪರಾಧ ಇವುಗಳ ಬಗ್ಗೆ ಅವರು ಹೇಳುವುದು ಸಂಶೋಧನೆಗೆ ಸಾಕಾಗುವಷ್ಟು ನಂಬಲರ್ಹ ಎಂಬ ತೀರ್ಮಾನಕ್ಕೆ ಬಂದರು. ಮದ್ಯದ ವಿಷಯದಲ್ಲಿ ಲಿಂಡಾ ಸೊಬೆಲ್ ಮತ್ತು ಮಾರ್ಕ್ ಸೊಬೆಲ್ ದಂಪತಿ ಹಲವು ವರ್ಷ ಕೆಲಸ ಮಾಡಿ ಕೆಲವು ಷರತ್ತುಗಳನ್ನು ಕಂಡುಕೊಂಡರು. ಮಾತನಾಡುವವರಿಗೆ ಅಮಲು ಇಳಿದಿರಬೇಕು. ಉತ್ತರ ಗೋಪ್ಯವಾಗಿರುತ್ತದೆ ಎಂಬ ಭರವಸೆ ಇರಬೇಕು. ಪ್ರಶ್ನೆ ಸ್ಪಷ್ಟವಾಗಿರಬೇಕು. ಇವಿಷ್ಟು ಇದ್ದರೆ ಕುಡಿತದ ಬಗ್ಗೆ ಜನ ಹೇಳುವುದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಈ ಷರತ್ತುಗಳನ್ನು ದಾಖಲಾತಿಯ ದಿನದ ಪಕ್ಕದಲ್ಲಿಟ್ಟು ನೋಡಿ. ಅಮಲು ಪೂರ್ತಿ ಇಳಿದಿರುವುದಿಲ್ಲ, ಇಳಿದಿದ್ದರೆ ಹಿಂತೆಗೆತದ, ಎಂದರೆ ವಸ್ತು ನಿಂತಾಗ ಮೈ ಪಡುವ, ಯಾತನೆ ಶುರುವಾಗಿರುತ್ತದೆ. ಗೋಪ್ಯತೆಯ ಮಾತನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಮನೆಯವರು ಪಕ್ಕದಲ್ಲೇ ಕುಳಿತಿರುತ್ತಾರೆ. ಪ್ರಶ್ನೆಯಂತೂ ಸರ್ಕಾರಿ ಅರ್ಜಿಯ ಭಾಷೆಯಲ್ಲಿರುತ್ತದೆ. ಹಾಗಾಗಿ ‘ಸ್ವಂತ ಹೇಳಿಕೆ ನಂಬಲರ್ಹ’ ಎಂಬ ತೀರ್ಮಾನವನ್ನು ಆ ದಿನದ ಹಾಳೆಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಬಂಧಿತರ ನಡುವೆ ನಡೆದ ಅಧ್ಯಯನಗಳಲ್ಲಿ ಮೂತ್ರದಲ್ಲಿ ಕೊಕೇನ್ ಅಂಶ ಸಿಕ್ಕವರಲ್ಲೂ ಬಹಳ ಮಂದಿ ಬಳಕೆಯನ್ನು ನಿರಾಕರಿಸಿರುವುದು ಮತ್ತೆ ಮತ್ತೆ ಕಂಡಿದೆ. ವಸ್ತುವೂ ಅದೇ, ಪ್ರಶ್ನೆಯೂ ಹೆಚ್ಚುಕಡಿಮೆ ಅದೇ. ಬದಲಾಗಿರುವುದು ‘ಹೌದು’ ಎಂದರೆ ತೆರಬೇಕಾದ ಬೆಲೆ.

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ಇವತ್ತು ಕೇಳಿದಾಗಲೂ ಮುಂದಿನ ವಾರ ಕೇಳಿದಾಗಲೂ ಒಂದೇ ಉತ್ತರ ಬಂದರೆ ಅದು ಸ್ಥಿರವಾದ ಉತ್ತರ. ಆ ಉತ್ತರ ನಡೆದ ಸಂಗತಿಗೆ ಹೊಂದಿದರೆ ಅದು ನಿಜವಾದ ಉತ್ತರ. ನಮ್ಮಲ್ಲಿ ಬಹಳ ಮಂದಿ ಮೊದಲನೆಯದನ್ನು ನೋಡಿ ಎರಡನೆಯದನ್ನು ಊಹಿಸಿಬಿಡುತ್ತೇವೆ. ‘ಸೂಜಿ ಹಂಚಿಕೊಂಡಿಲ್ಲ’ ಎಂದು ಮೂರು ಸಲವೂ ಹೇಳಿದವನು ಮೂರು ಸಲವೂ ಒಂದೇ ಭಯದಿಂದ ಹಾಗೆ ಹೇಳಿರಬಹುದು. ಎರಡನೆಯ ಸಲ ಬೇರೆ ಉತ್ತರ ಕೊಟ್ಟವನು ಎರಡನೆಯ ಸಲವಷ್ಟೇ ನಿಜ ಹೇಳಿರಬಹುದು. ಉತ್ತರ ಬದಲಾದ ಕೂಡಲೇ ‘ಸಿಕ್ಕಿಬಿದ್ದ’ ಎಂದು ಭಾವಿಸುವ ಅಭ್ಯಾಸ ನಮ್ಮ ಕ್ಷೇತ್ರದಲ್ಲಿದೆ. ಅದು ನನಗೆ ಬಹಳ ನೋವು ಕೊಡುವ ಅಭ್ಯಾಸ. ಎರಡು ವಾರ ಧೈರ್ಯ ಕೂಡಿಸಿಕೊಂಡು ನಿಜ ಹೇಳಿದವನನ್ನು, ಹಿಂದೆ ಹೇಳಿರಲಿಲ್ಲ ಎಂಬ ಕಾರಣಕ್ಕೆ ಗದರಿಸಿದರೆ ಮೂರನೆಯ ಸಲ ಅವನು ಬಾಯಿಬಿಡುವುದಿಲ್ಲ.

‘ಮಾತು ಬೇಡ, ಪರೀಕ್ಷೆ ಮಾಡಿಬಿಡೋಣ’ ಎನ್ನುವವರಿದ್ದಾರೆ. ಪರೀಕ್ಷೆಗೆ ತನ್ನದೇ ಆದ ಕಿಟಕಿಯಿದೆ. ಕೊಕೇನಿನ ಅಂಶ ಮೂತ್ರದಲ್ಲಿ ಸಾಮಾನ್ಯವಾಗಿ 2ರಿಂದ 4 ದಿನ ಸಿಗುತ್ತದೆ. ಹೆರಾಯಿನ್ ಎಂದೇ ಖಚಿತಪಡಿಸುವ ಅಂಶ ಒಂದು ದಿನದೊಳಗೆ ಮಾಯವಾಗುತ್ತದೆ. ದಿನವೂ ಗಾಂಜಾ ಸೇದುವವರಲ್ಲಿ ಅದರ ಅಂಶ ಬಿಟ್ಟ ಮೇಲೂ ವಾರಗಟ್ಟಲೆ ಉಳಿಯುತ್ತದೆ. ಮದ್ಯಕ್ಕೆ ಉಸಿರಿನ ಪರೀಕ್ಷೆ ಕೆಲವು ಗಂಟೆಗಳ ಕಥೆ ಹೇಳಿದರೆ, ಕುಡಿದ ಮದ್ಯದಿಂದ ರೂಪುಗೊಂಡು ರಕ್ತದಲ್ಲಿ ಸಿಗುವ ಫಾಸ್ಫಟಿಡೈಲ್ ಎಥನಾಲ್ ಎಂಬ ಅಂಶ 2ರಿಂದ 4 ವಾರಗಳ ಕಥೆ ಹೇಳುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ 3 ಸೆಂಟಿಮೀಟರ್ ಕೂದಲಿನಲ್ಲಿ ಮೂರು ತಿಂಗಳ ಚರಿತ್ರೆ ಇರುತ್ತದೆ. ಪರೀಕ್ಷೆಯೇ ತಪ್ಪುವುದೂ ಉಂಟು. ಅಫೀಮು ವರ್ಗಕ್ಕೆಂದು ಬಳಸುವ ಸಾಮಾನ್ಯ ಮೂತ್ರ ಪರೀಕ್ಷೆಯ ಪಟ್ಟಿಗೆ (ಸ್ಟ್ರಿಪ್) ಅದೇ ಬಗೆಯ ಪರಿಣಾಮದ ಫೆಂಟನಿಲ್, ಮೆಥಡೋನ್, ಬುಪ್ರೆನಾರ್ಫಿನ್ ಹೆಚ್ಚಾಗಿ ಕಾಣುವುದೇ ಇಲ್ಲ; ಅವಕ್ಕೆ ಬೇರೆ ಪಟ್ಟಿ ಬೇಕು. ರೋಗಿ ‘ತೆಗೆದುಕೊಂಡೆ’ ಎಂದು ನಿಜ ಹೇಳಿ ಪಟ್ಟಿ ‘ಇಲ್ಲ’ ಎಂದರೆ ಯಾರನ್ನು ನಂಬುತ್ತೀರಿ? ಕೊಂಡ ಪೊಟ್ಟಣದಲ್ಲಿ ಏನೇನು ಬೆರೆತಿತ್ತು ಎಂಬುದು ಕೊಂಡವನಿಗೇ ತಿಳಿಯದಿರುವ ಕಾಲವಿದು. ಅವನು ಪ್ರಾಮಾಣಿಕನಾಗಿದ್ದೂ ಉತ್ತರ ತಪ್ಪಾಗಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಈ ಪರೀಕ್ಷೆಗಳೆಲ್ಲ ದೇಹದೊಳಗೆ ಏನು ಹೋಯಿತು ಎಂದು ಹೇಳುತ್ತವೆ. ಹೇಗೆ ಹೋಯಿತು, ಯಾರ ಜೊತೆ, ಯಾರ ಸೂಜಿಯಿಂದ ಎಂದು ಹೇಳುವ ಪರೀಕ್ಷೆ ಇಲ್ಲ. ಅಪಾಯದ ನಡವಳಿಕೆಯ ವಿಷಯದಲ್ಲಿ ಕೊನೆಗೂ ನಮಗಿರುವುದು ಆ ವ್ಯಕ್ತಿಯ ಮಾತು ಮಾತ್ರ. ಹೆಪಟೈಟಿಸ್ ಸಿ ಪರೀಕ್ಷೆ ಪಾಸಿಟಿವ್ ಬಂದರೆ ಹಿಂದೆ ಎಂದೋ ಸೋಂಕು ತಗುಲಿತ್ತು ಎಂದು ತಿಳಿಯುತ್ತದೆ. ಅದು ಕಳೆದ ತಿಂಗಳೋ ಹತ್ತು ವರ್ಷದ ಹಿಂದೆಯೋ ಹೇಳಲಾಗದು. ಜೊತೆಗೆ ಬಂದವರನ್ನು ಕೇಳೋಣವೆಂದರೆ, ಕುಡಿತದ ವಿಷಯದಲ್ಲಿ ಮನೆಯವರ ಮಾತು ಸ್ವಲ್ಪ ನೆರವಾಗುತ್ತದೆ. 1,726 ರೋಗಿಗಳನ್ನು ಒಳಗೊಂಡ ‘ಪ್ರಾಜೆಕ್ಟ್ ಮ್ಯಾಚ್’ ಎಂಬ ದೊಡ್ಡ ಮದ್ಯ ಚಿಕಿತ್ಸಾ ಅಧ್ಯಯನದಲ್ಲಿ ರೋಗಿಯ ಮಾತು, ಆಪ್ತರ ಮಾತು, ರಕ್ತ ಪರೀಕ್ಷೆ ಮೂರನ್ನೂ ಸಂಗ್ರಹಿಸಿದ್ದರು. ಆದರೆ ಸೂಜಿ, ಲೈಂಗಿಕ ಸಂಪರ್ಕದ ವಿಷಯ ಬಂದಾಗ ಮನೆಯವರಿಗೆ ತಿಳಿದಿರುವುದು ರೋಗಿ ಹೇಳುವುದಕ್ಕಿಂತ ಕಡಿಮೆ.

ಹಾಗಾಗಿ ಪ್ರಶ್ನೆಯನ್ನು ಹೇಗೆ ಕೇಳುತ್ತೇವೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಸೂಜಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ.

‘ಸೂಜಿ ಹಂಚಿಕೊಂಡಿದ್ದೀರಾ?’

‘ಇಲ್ಲ ಮೇಡಂ. ನನ್ನ ಸಿರಿಂಜ್ ನನ್ನದೇ.’

ಇಲ್ಲಿಗೆ ನಿಲ್ಲಿಸಿದರೆ ಅಪಾಯವಿಲ್ಲ ಎಂದು ಬರೆದುಕೊಳ್ಳಬೇಕಾಗುತ್ತದೆ. ಮುಂದುವರಿಸಿ ನೋಡಿ. ಕೊನೆಯ ಸಲ ತೆಗೆದುಕೊಂಡಾಗ ಎಷ್ಟು ಮಂದಿ ಇದ್ದಿರಿ? ಮೂವರು. ಹಣ ಯಾರು ಹಾಕಿದರು? ಮೂವರೂ ಸೇರಿ. ಪುಡಿಯನ್ನು ಎಲ್ಲಿ ಕರಗಿಸಿದಿರಿ? ಒಂದೇ ಚಮಚದಲ್ಲಿ. ನೀರು? ಒಂದೇ ಲೋಟದ್ದು. ಸೋಸಲು ಹತ್ತಿ? ಒಂದೇ ಚೂರು. ಪಾಲು ಮಾಡಿದ್ದು ಹೇಗೆ? ಒಬ್ಬನ ಸಿರಿಂಜಿಗೆ ಪೂರ್ತಿ ಎಳೆದುಕೊಂಡು, ಅಳತೆ ನೋಡಿ ಉಳಿದ ಇಬ್ಬರ ಸಿರಿಂಜಿಗೆ ಅದರ ಹಿಂದಿನ ತುದಿಯಿಂದ ಹಾಕಿದ. ಸಿರಿಂಜ್ ತೊಳೆದದ್ದು ಎಲ್ಲಿ? ಅದೇ ಲೋಟದ ನೀರಿನಲ್ಲಿ.

‘ಇಲ್ಲ’ ಎಂದಾಗ ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ಅವನ ಸಿರಿಂಜನ್ನು ಇನ್ನೊಬ್ಬನು ಚುಚ್ಚಿಕೊಂಡಿರಲಿಲ್ಲ. ಆದರೆ ಮೂವರ ರಕ್ತದ ಸೋಂಕೂ ಆ ಚಮಚ, ಹತ್ತಿ, ನೀರಿನಲ್ಲಿ ಸೇರಿರಬಹುದು. ರಾಟರ್‌ಡ್ಯಾಮ್‌ನಲ್ಲಿ ಜೀನ್-ಪಾಲ್ ಗ್ರುಂಡ್, ಡೆನ್ವರ್‌ನಲ್ಲಿ ಸ್ಟೀಫನ್ ಕೋಸ್ಟರ್ ಮುಂತಾದವರು 1990ರ ದಶಕದಲ್ಲಿ ಬಳಕೆದಾರರ ಜೊತೆಗೇ ಕುಳಿತು ನೋಡಿ ಈ ಪಾಲು ಮಾಡುವ ಪದ್ಧತಿಗಳನ್ನು ದಾಖಲಿಸಿದರು. ಪ್ರಶ್ನಾವಳಿಗಳು ಅಲ್ಲಿಯವರೆಗೆ ಹಿಡಿಯದಿದ್ದ ಅಪಾಯ ಅವರ ಕಣ್ಣಿಗೆ ಬಿತ್ತು. ಹೆಪಟೈಟಿಸ್ ಸಿ ವೈರಾಣು ಕೆಲವು ಬಗೆಯ ಸಿರಿಂಜುಗಳೊಳಗೆ 63 ದಿನಗಳವರೆಗೆ ಜೀವಂತವಾಗಿ ಉಳಿಯಬಲ್ಲದು ಎಂದು 2010ರಲ್ಲಿ ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿತು. ಅದನ್ನು ತಿಳಿದ ಮೇಲೆ ಚಮಚ, ಹತ್ತಿ, ನೀರಿನ ಪ್ರಶ್ನೆಗಳನ್ನು ಪುಟ ಉಳಿಸಲೆಂದು ಕೈಬಿಡುವ ಪ್ರಶ್ನಾವಳಿಯನ್ನು ನಾನು ಒಪ್ಪಲಾರೆ. ಇನ್ನೂ ಒಂದು ಮಾತು. ಗಂಡ ಹೆಂಡತಿ ಒಂದೇ ಸಿರಿಂಜ್ ಬಳಸುತ್ತಿದ್ದರೆ ಅವರಲ್ಲಿ ಹಲವರು ಅದನ್ನು ಹಂಚಿಕೆ ಎಂದು ಎಣಿಸುವುದೇ ಇಲ್ಲ. ಅದನ್ನು ಪ್ರತ್ಯೇಕವಾಗಿ ಹೆಸರಿಸಿಯೇ ಕೇಳಬೇಕು.

ನೆನಪಿನ ವಿಷಯ. ಮದ್ಯದ ಪ್ರಮಾಣ ವೇಗವಾಗಿ ಏರಿದಾಗ ಮಿದುಳು ಹೊಸ ನೆನಪುಗಳನ್ನು ಕೂಡಿಡುವುದನ್ನೇ ನಿಲ್ಲಿಸುತ್ತದೆ. ಮನುಷ್ಯ ನಡೆಯುತ್ತಿರುತ್ತಾನೆ, ಮಾತನಾಡುತ್ತಿರುತ್ತಾನೆ, ಯಾರೊಂದಿಗೋ ಮಲಗಿಯೂ ಇರುತ್ತಾನೆ. ಬೆಳಿಗ್ಗೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಆ ರಾತ್ರಿ ಕಾಂಡೋಮ್ ಬಳಸಿದಿರಾ ಎಂದು ಕೇಳಿದರೆ ಅವನು ಕೊಡುವ ಉತ್ತರ ತನ್ನ ಸಾಮಾನ್ಯ ಅಭ್ಯಾಸದ ಮೇಲಿನ ಊಹೆ. ಅತಿ ಹೆಚ್ಚು ಅಪಾಯದ ರಾತ್ರಿಗಳೇ ನೆನಪಿನಲ್ಲಿ ಇಲ್ಲದಿರುವ ರಾತ್ರಿಗಳೂ ಆಗಿರುತ್ತವೆ ಎಂಬುದು ಈ ಇಡೀ ವಿಷಯದ ಅತ್ಯಂತ ಕಠಿಣ ಗಂಟು. ‘ನೆನಪಿಲ್ಲ’ ಎಂಬ ಉತ್ತರಕ್ಕೆ ಹಾಳೆಯಲ್ಲಿ ಜಾಗವೇ ಇಲ್ಲದಿದ್ದರೆ ಅದು ‘ಇಲ್ಲ’ ಆಗಿ ಬದಲಾಗುತ್ತದೆ. ಇನ್ನು ಸಂಖ್ಯೆಗಳು. ಕೆಲವೇ ಸಲ ನಡೆದದ್ದನ್ನು ಜನ ಒಂದೊಂದಾಗಿ ಎಣಿಸಿ ಹೇಳುತ್ತಾರೆ. ಪದೇ ಪದೇ ನಡೆದದ್ದಕ್ಕೆ ಅಂದಾಜು ಕಟ್ಟುತ್ತಾರೆ. ಅಂದಾಜು ಯಾವಾಗಲೂ 10, 20, 50, 100ರ ಮೇಲೆಯೇ ಬಂದು ಕೂರುತ್ತದೆ. ಆರು ತಿಂಗಳ ಅವಧಿ ಕೇಳಿದಾಗ ಎಂಟು ತಿಂಗಳ ಹಿಂದಿನ ಘಟನೆ ‘ಮೊನ್ನೆ ಮೊನ್ನೆ’ಯಾಗಿ ಒಳಗೆ ಸೇರಿಬಿಡುತ್ತದೆ.

ಇದಕ್ಕೆ ಸೊಬೆಲ್ ದಂಪತಿ ಕಂಡುಕೊಂಡ ಉಪಾಯ ಸರಳವಾದದ್ದು. ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಹಿಂದಕ್ಕೆ ಹೋಗುವುದು. ಮೊದಲು ಕುಡಿತದ ಮಾತೇ ಬೇಡ. ಸಂಬಳ ಬಂದ ದಿನ ಯಾವುದು, ಹಬ್ಬ ಯಾವತ್ತಿತ್ತು, ಮಗುವಿಗೆ ಜ್ವರ ಬಂದದ್ದು ಯಾವಾಗ, ಜಗಳವಾಡಿ ಮನೆ ಬಿಟ್ಟದ್ದು ಯಾವ ವಾರ ಎಂದು ಗುರುತು ಹಾಕಿಕೊಳ್ಳುವುದು. ಆಮೇಲೆ ಆ ಗುರುತುಗಳ ಸುತ್ತ ಒಂದೊಂದೇ ದಿನವನ್ನು ತುಂಬುತ್ತ ಹೋಗುವುದು. ಸಂಬಳದ ದಿನಕ್ಕೆ ಬಂದಾಗ ‘ಅವತ್ತು ಗೆಳೆಯನ ಕೋಣೆಯಲ್ಲಿ ನಾಲ್ವರಿದ್ದೆವು, ಸಿರಿಂಜ್ ಎರಡೇ ಇತ್ತು’ ಎಂಬ ಮಾತು ತಾನಾಗಿ ಹೊರಬರುತ್ತದೆ. ಆರು ತಿಂಗಳನ್ನು ಒಟ್ಟಾಗಿ ಕೇಳಿದ ಪ್ರಶ್ನೆಗೆ ಅದು ಬರುತ್ತಿರಲಿಲ್ಲ. ಸಮಯ ಹಿಡಿಯುವ ವಿಧಾನವಿದು, ನಿಜ. ಆದರೆ ಹದಿನೈದು ನಿಮಿಷದಲ್ಲಿ ಮುಗಿಸಿದ ಹಾಳೆಯಿಂದ ಪಡೆದದ್ದು ಏನು ಎಂದು ಕೇಳಿಕೊಂಡರೆ ಆ ಸಮಯ ದುಬಾರಿಯೆನಿಸುವುದಿಲ್ಲ.

ಮುಖಾಮುಖಿ ಕೇಳುವ ಬದಲು ಕಂಪ್ಯೂಟರಿಗೆ ಬಿಟ್ಟರೆ ಹೇಗೆ? ಕಿವಿಗೆ ಹೆಡ್‌ಫೋನ್, ಪರದೆಯ ಮೇಲೆ ಪ್ರಶ್ನೆ, ಓದಲು ಬಾರದವರಿಗೂ ಧ್ವನಿಯಲ್ಲಿ ಕೇಳಿಸುತ್ತದೆ, ಉತ್ತರ ಒತ್ತುವುದನ್ನು ಯಾರೂ ನೋಡುವುದಿಲ್ಲ. ಅಮೆರಿಕದ 15ರಿಂದ 19 ವಯಸ್ಸಿನ ಹುಡುಗರ ನಡುವೆ 1995ರಲ್ಲಿ ನಡೆದ ಸಮೀಕ್ಷೆಯೊಂದರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಗಂಡು ಗಂಡಿನ ನಡುವಿನ ಲೈಂಗಿಕ ಸಂಪರ್ಕವನ್ನು ಕಾಗದದ ಮೇಲೆ ಒಪ್ಪಿಕೊಂಡವರು ಶೇ. 1.5, ಕಂಪ್ಯೂಟರಿಗೆ ಹೇಳಿದವರು ಶೇ. 5.5. ಚುಚ್ಚಿಕೊಂಡು ಮಾದಕ ವಸ್ತು ತೆಗೆದುಕೊಂಡದ್ದರ ಬಗ್ಗೆಯೂ ವ್ಯತ್ಯಾಸ ಅದೇ ದಿಕ್ಕಿನಲ್ಲಿತ್ತು. ಬಳಸಿದ ಸಿರಿಂಜ್ ಪಡೆದು ಹೊಸದನ್ನು ಕೊಡುವ ಸಿರಿಂಜ್ ವಿನಿಮಯ ಕೇಂದ್ರಗಳಿಗೆ ಬರುವವರನ್ನು ಕೇಳಿ ಡಾನ್ ದೆ ಜಾರ್ಲೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಪಾಯದ ನಡವಳಿಕೆ ಕಂಪ್ಯೂಟರಿನ ಮುಂದೆ ಹೆಚ್ಚು ಹೊರಬರುತ್ತದೆ ಎಂದು ತೋರಿಸಿತು.

ಇದನ್ನು ಓದಿ ಯಂತ್ರವೇ ಸಾಕು ಎನ್ನುವವರಿಗೆ ಎರಡು ಸಂಗತಿ ಹೇಳಬೇಕು. ಅದೇ ಬಗೆಯ ಜನರ ನಡುವೆ 2002ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ನಾಚಿಕೆಯ ನಡವಳಿಕೆಗಳನ್ನು ಕಂಪ್ಯೂಟರಿಗೆ ಹೆಚ್ಚು ಹೇಳಿದರೂ ಮನಸ್ಸಿನ ಸಂಕಟವನ್ನು ಜನ ಹೆಚ್ಚು ಹೇಳಿಕೊಂಡದ್ದು ಎದುರಿಗೆ ಕುಳಿತ ಮನುಷ್ಯರಿಗೆ. ನನಗೆ ಈ ಫಲಿತಾಂಶ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ. ತಪ್ಪೆಂದು ತೀರ್ಪು ಕೊಡುವ ಮುಖ ಬೇಡ, ಆದರೆ ಸಂಕಟ ಕೇಳಿಸಿಕೊಳ್ಳುವ ಮುಖ ಬೇಕು. ಎರಡನೆಯದು ಜಿಂಬಾಬ್ವೆಯ ಮಹಿಳೆಯರ ನಡುವೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿ ವೀರ್ಯದ ಅಂಶವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಉತ್ತರಗಳ ಜೊತೆಗಿಟ್ಟು ನೋಡಿದರು. ಅಂಶ ಸಿಕ್ಕವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಂಪರ್ಕವೇ ಇರಲಿಲ್ಲ ಅಥವಾ ಕಾಂಡೋಮ್ ಬಳಸಿದ್ದೆವು ಎಂದಿದ್ದರು. ಕಂಪ್ಯೂಟರಿಗೆ ಹೇಳಿದವರಿಗೂ ಮನುಷ್ಯರಿಗೆ ಹೇಳಿದವರಿಗೂ ಇದರಲ್ಲಿ ವ್ಯತ್ಯಾಸವಿರಲಿಲ್ಲ. ಹೆಚ್ಚು ‘ಹೌದು’ ಬಂದ ಮಾತ್ರಕ್ಕೆ ಹೆಚ್ಚು ನಿಜ ಬಂತು ಎಂದು ಹಿಗ್ಗುವ ಮೊದಲು ಈ ಅಧ್ಯಯನವನ್ನು ನೆನೆಯುವುದು ಒಳ್ಳೆಯದು.

ಸುಳ್ಳು ಪತ್ತೆಯ ಯಂತ್ರವೆಂದು ನಂಬಿಸಿ ಉತ್ತರ ಪಡೆಯುವ ತಂತ್ರವೊಂದನ್ನು ಮನಶ್ಶಾಸ್ತ್ರಜ್ಞರು 1971ರಲ್ಲಿ ವಿವರಿಸಿದ್ದರು. ಚಿಕಿತ್ಸೆಯ ಹೊಸ್ತಿಲಲ್ಲಿ ಅಂಥದ್ದಕ್ಕೆ ಜಾಗವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ನಿಜ ಹೇಳಿ ಎಂದು ಕೇಳುವವರು ಮೋಸದಿಂದ ಶುರುಮಾಡಬಾರದು.

ಈಗ ನನ್ನನ್ನು ಹೆಚ್ಚು ಕಾಡುವ ಭಾಗಕ್ಕೆ ಬರುತ್ತೇನೆ. ಮೊದಲ ದಿನದ ಉತ್ತರವನ್ನು ನಾವು ಆ ವ್ಯಕ್ತಿಗೆ ಚಿಕಿತ್ಸೆ ಕೊಡಲು ಮಾತ್ರ ಬಳಸುವುದಿಲ್ಲ. ಚಿಕಿತ್ಸೆ ಫಲಿಸಿತೇ ಎಂದು ಅಳೆಯಲೂ ಬಳಸುತ್ತೇವೆ. ಆರು ತಿಂಗಳ ನಂತರ ಅದೇ ಪ್ರಶ್ನೆ ಕೇಳಿ, ಮೊದಲ ದಿನದ ಸಂಖ್ಯೆಯಿಂದ ಕಳೆದು, ಇಷ್ಟು ಇಳಿಯಿತು ಎನ್ನುತ್ತೇವೆ. ಎಲ್ಲರೂ ಎರಡೂ ಸಲ ಒಂದೇ ಪ್ರಮಾಣದಲ್ಲಿ ಮುಚ್ಚಿಟ್ಟರೆ ಹೋಲಿಕೆ ಪೂರ್ತಿ ಹಾಳಾಗುವುದಿಲ್ಲ. ದಿಕ್ಕಾದರೂ ಸರಿಯಾಗಿ ಕಾಣುತ್ತದೆ. ತೊಂದರೆಯಿರುವುದು ಮುಚ್ಚಿಡುವ ಪ್ರಮಾಣವೇ ಬದಲಾದಾಗ. ಮೊದಲ ದಿನ ಭಯದಿಂದ ‘ಎರಡು ಸಲ’ ಎಂದವಳು, ಸಮಾಲೋಚಕಿಯ ಮೇಲೆ ನಂಬಿಕೆ ಬಂದ ಮೇಲೆ ‘ನಾಲ್ಕು ಸಲ’ ಎಂದು ನಿಜ ಹೇಳುತ್ತಾಳೆ ಎಂದಿಟ್ಟುಕೊಳ್ಳಿ. ಚಿಕಿತ್ಸೆಗೆ ಮುಂಚೆ ನಿಜವಾಗಿ ಇಪ್ಪತ್ತು ಸಲ ನಡೆದಿತ್ತು. ಇಪ್ಪತ್ತು ನಾಲ್ಕಕ್ಕೆ ಇಳಿದಿದೆ. ನಮ್ಮ ವರದಿಯಲ್ಲಿ ಎರಡು ನಾಲ್ಕಕ್ಕೆ ಏರಿದೆ. ಒಳ್ಳೆಯ ಕೇಂದ್ರವೊಂದು ಕೆಟ್ಟದಾಗಿ ಕಾಣುತ್ತದೆ, ಅದೂ ಅಲ್ಲಿನವರು ನಂಬಿಕೆ ಗಳಿಸಿದ್ದರಿಂದಲೇ.

ಇದಕ್ಕೆ ತಿರುವುಮುರುವಾದದ್ದೂ ನಡೆಯುತ್ತದೆ. ಪ್ರವೇಶ ಸಿಗಲೆಂದು ಮೊದಲ ದಿನ ಹಿಗ್ಗಿಸಿ ಹೇಳಿದವನು, ತನ್ನನ್ನು ಅಷ್ಟು ಚೆನ್ನಾಗಿ ನೋಡಿಕೊಂಡವರಿಗೆ ಬೇಸರವಾಗದಿರಲಿ ಎಂದು ಕೊನೆಗೆ ಕುಗ್ಗಿಸಿ ಹೇಳುತ್ತಾನೆ. ಜೊತೆಗೆ ಇನ್ನೊಂದು ಸಂಗತಿ ಸೇರುತ್ತದೆ. ಜನ ಚಿಕಿತ್ಸೆಗೆ ಬರುವುದು ಬದುಕು ತೀರಾ ಕೆಟ್ಟ ಘಟ್ಟಕ್ಕೆ ಬಂದಾಗ. ಆ ತಿಂಗಳು ಅವರ ಸರಾಸರಿಗಿಂತ ಕೆಟ್ಟ ತಿಂಗಳಾಗಿರುತ್ತದೆ. ಏನೂ ಮಾಡದಿದ್ದರೂ ಮುಂದಿನ ಅಳತೆ ಸ್ವಲ್ಪ ಇಳಿದೇ ಇರುತ್ತದೆ. ಇವೆರಡೂ ಸೇರಿದಾಗ ಸಾಧಾರಣ ಕೇಂದ್ರವೂ ಪವಾಡ ಮಾಡಿದಂತೆ ಕಾಣುತ್ತದೆ. ನಮ್ಮ ಕ್ಷೇತ್ರದಲ್ಲಿ ಅನುದಾನಗಳು, ಪ್ರಶಸ್ತಿಗಳು, ಮುಚ್ಚುವ ತೀರ್ಮಾನಗಳು ಇಂಥ ಸಂಖ್ಯೆಗಳ ಮೇಲೆ ನಡೆಯುತ್ತವೆ ಎಂಬುದನ್ನು ಯೋಚಿಸಿದರೆ ಇದು ಬರಿಯ ಅಂಕಿಅಂಶದ ಚರ್ಚೆಯಾಗಿ ಉಳಿಯುವುದಿಲ್ಲ.

ಏನು ಮಾಡಬಹುದು? ನನ್ನ ಮೊದಲ ಸಲಹೆ, ಮೊದಲ ದಿನ ಜೀವ ಉಳಿಸಲು ಬೇಕಾದಷ್ಟನ್ನೇ ಕೇಳಿ. ಏನು, ಎಷ್ಟು, ಕೊನೆಯ ಸಲ ಯಾವಾಗ, ಜೊತೆಗೆ ನಿದ್ದೆ ಮಾತ್ರೆ ಅಥವಾ ಮದ್ಯ ಇತ್ತೇ, ಹಿಂದೆ ಪ್ರಜ್ಞೆ ತಪ್ಪಿದ್ದುಂಟೇ, ಗರ್ಭಿಣಿಯೇ, ಆತ್ಮಹತ್ಯೆಯ ಯೋಚನೆ ಇದೆಯೇ. ಈ ಪ್ರಶ್ನೆಗಳನ್ನು ಕೇಳುವಾಗಲೂ ಮನೆಯವರನ್ನು ಹೊರಗೆ ಕೂರಿಸಿ. ಸೂಜಿ, ಲೈಂಗಿಕ ಸಂಪರ್ಕದ ವಿವರಗಳನ್ನು ಕೆಲವು ದಿನ ಬಿಟ್ಟು, ಮೈ ನೋವು ಇಳಿದು ನಿದ್ದೆ ಬಂದ ಮೇಲೆ ಕೇಳಿ. ಅಲ್ಲಿಯವರೆಗೆ ಉತ್ತರಕ್ಕಾಗಿ ಕಾಯದೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯನ್ನು ಎಲ್ಲರಿಗೂ ಅವರ ಒಪ್ಪಿಗೆ ಪಡೆದು ನೀಡಿ, ಲಸಿಕೆಯನ್ನೂ ನಲಾಕ್ಸೋನನ್ನೂ ಎಲ್ಲರಿಗೂ ಕೊಡಿ. ತಪ್ಪೊಪ್ಪಿಕೊಂಡವರಿಗೆ ಮಾತ್ರ ರಕ್ಷಣೆ ಎಂಬ ಪದ್ಧತಿ ನಾಚಿಕೆ ಹೆಚ್ಚಿರುವವರನ್ನೇ ಹೊರಗಿಡುತ್ತದೆ.

ಗೋಪ್ಯತೆಯ ಬಗ್ಗೆ ಒಂದೇ ಸಾಲಿನ ಭರವಸೆ ಸಾಲದು. ಯಾರು ಓದುತ್ತಾರೆ, ಯಾರು ಓದುವುದಿಲ್ಲ, ಯಾವ ಸಂದರ್ಭದಲ್ಲಿ ಕಾನೂನು ನಮ್ಮನ್ನು ಹೇಳಲೇಬೇಕೆಂದು ಕಟ್ಟಿಹಾಕುತ್ತದೆ ಎಂಬ ಮೂರನ್ನೂ ಪ್ರಶ್ನೆಗೆ ಮೊದಲೇ ಹೇಳಬೇಕು. ಕೋರ್ಟ್ ಆದೇಶದ ಮೇಲೆ ಬಂದವರಿಗೆ ಇದು ಇನ್ನೂ ಮುಖ್ಯ. ಅವರ ಉತ್ತರ ಕೋರ್ಟಿಗೆ ಹೋಗುವುದಾದರೆ ಹೋಗುತ್ತದೆ ಎಂದೇ ಹೇಳಿ. ಆಗ ಕಡಿಮೆ ಹೇಳುತ್ತಾರೆ ಎಂದರೆ ಹೇಳಲಿ. ಆ ಉತ್ತರವನ್ನು ಸಂಶೋಧನೆಯ ಕೋಷ್ಟಕಕ್ಕೆ ಸೇರಿಸದಿರುವುದು ನಮ್ಮ ಹೊಣೆ.

ಥಾಮಸ್ ಮೆಕ್ಲೆಲನ್ ಮತ್ತು ಸಂಗಡಿಗರು 1980ರಲ್ಲಿ ರೂಪಿಸಿದ ವ್ಯಸನ ತೀವ್ರತಾ ಸೂಚ್ಯಂಕ ನಿಮ್ಮಲ್ಲಿ ಹಲವರಿಗೆ ಪರಿಚಯವಿದೆ. ಆರೋಗ್ಯ, ಉದ್ಯೋಗ, ಮದ್ಯ, ಮಾದಕ ವಸ್ತು, ಕಾನೂನು, ಕುಟುಂಬ, ಮನಸ್ಸು ಎಂಬ ಏಳು ಭಾಗಗಳ ಸಂದರ್ಶನ ಅದು. ಪ್ರತಿ ಭಾಗದ ಕೊನೆಯಲ್ಲಿ ಸಂದರ್ಶಕರಿಗೇ ಎರಡು ಪ್ರಶ್ನೆಗಳಿವೆ: ಈ ಮಾಹಿತಿ ರೋಗಿ ಮರೆಮಾಚಿದ್ದರಿಂದ ಕೆಟ್ಟಿದೆಯೇ? ರೋಗಿಗೆ ಅರ್ಥವಾಗದ್ದರಿಂದ ಕೆಟ್ಟಿದೆಯೇ? ಮರೆಮಾಚಿದ್ದನ್ನೂ ಅರ್ಥವಾಗದ್ದನ್ನೂ ಬೇರೆ ಬೇರೆ ಕೇಳಿರುವುದು ಎಷ್ಟು ಮಾನವೀಯವಾದ ಎಚ್ಚರ! ಆದರೂ ಆ ಎರಡು ಚೌಕಗಳನ್ನು ಅವಸರದಲ್ಲಿ ‘ಇಲ್ಲ’, ‘ಇಲ್ಲ’ ಎಂದು ತುಂಬಿಬಿಡುವುದು ಎಲ್ಲೆಡೆ ನಡೆಯುತ್ತದೆ. ಅವುಗಳ ಪಕ್ಕದಲ್ಲಿ ಕೈಯಿಂದಲಾದರೂ ಇನ್ನೊಂದು ಚೌಕ ಸೇರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ: ಕೇಳಿದ ಸನ್ನಿವೇಶದಿಂದ ಈ ಮಾಹಿತಿ ಕೆಟ್ಟಿದೆಯೇ? ಮನೆಯವರಿದ್ದರು, ಜ್ವರವಿತ್ತು, ಊಟದ ಗಂಟೆ ಹೊಡೆದಿತ್ತು, ಮುಂದಿನ ರೋಗಿ ಬಾಗಿಲಲ್ಲಿ ನಿಂತಿದ್ದ, ಇಂಥದ್ದೇನಿದ್ದರೂ ಬರೆಯಿರಿ.

ಕೊನೆಯದಾಗಿ ಕಡತದ ಬಗ್ಗೆ. ಎರಡು ವಾರದ ನಂತರ ಬಂದ ಉತ್ತರ ಮೊದಲಿನದಕ್ಕಿಂತ ಬೇರೆಯಾಗಿದ್ದರೆ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆಯಬೇಡಿ. ಎರಡನ್ನೂ ತಾರೀಖು ಹಾಕಿ ಇಡಿ. ಎರಡನೆಯ ಸಲ ಕೇಳಿದಾಗ ಅದು ಚಿಕಿತ್ಸೆಗೆ ಮುಂಚಿನ ತಿಂಗಳ ಬಗ್ಗೆಯೇ ಕೇಳಿದ್ದು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಆರು ತಿಂಗಳ ನಂತರದ ಸಂಖ್ಯೆಯನ್ನು ಎರಡರ ಜೊತೆಗೂ ಹೋಲಿಸಿ ನೋಡಿ. ಎರಡು ಹೋಲಿಕೆಗಳು ಬೇರೆ ಬೇರೆ ಉತ್ತರ ಕೊಟ್ಟರೆ ಎರಡನ್ನೂ ವರದಿ ಮಾಡಿ. ರೋಗಿಗೆ ಮಾತ್ರ ಇಷ್ಟು ಹೇಳಿದರೆ ಸಾಕು: ‘ಅವತ್ತು ಹೇಳಲು ಆಗಿರಲಿಲ್ಲ, ಇವತ್ತು ಹೇಳಿದಿರಿ. ಇದನ್ನು ಇಟ್ಟುಕೊಂಡು ಮುಂದಿನ ಪರೀಕ್ಷೆಯ ದಿನ ಗೊತ್ತುಮಾಡೋಣ.’